ಗದಾಯುದ್ಧದ ಕೊನೆಯ ಪೆಟ್ಟು

ಕಳೆದ ಆದಿತ್ಯವಾರ ಅಪರಾಹ್ಣ ನಮ್ಮ ಕಚೇರಿಗೆ ಇಬ್ಬರು ತರುಣ ವಾಚಕರು ಬಂದಿದ್ದರು. ಒಬ್ಬರು ಡೆಕ್ಕನ್ ಜಿಮಖಾನದ ಕಡೆಯ ಹೋಟೆಲೊಂದರಲ್ಲಿ ಸಪ್ಲೈಯರು, ಕುಂದಾಪುರ ತಾಲೂಕಿನವರು. ಇನ್ನೊಬ್ಬರು ಹಿಂಜವಡಿಯ ಕಂಪನಿಯೊಂದರಲ್ಲಿ ಗುಮಾಸ್ತರು; ಧಾರವಾಡದ ಕಡೆಯವರು. ಇಬ್ಬರೂ ಒಂದೇ ಕೋಣೆಯಲ್ಲಿ ಬಾಡಿಗೆಗಿರುವ ಸ್ನೇಹಿತರು. ಚಂದಾ ಕೊಡಲೆಂದು ಬಂದವರು ಅದನ್ನು ಮರೆತು, ದಾರಿಯಲ್ಲಿ ಹತ್ತಿಕೊಂಡಿದ್ದ ವಾಗ್ವಾದವನ್ನು ನಮ್ಮ ಮೇಜಿನವರೆಗೂ ತಂದುಬಿಟ್ಟರು. ಟಿ.ವಿ. ಪರದೆಯ ಮೇಲೆ ಇದುವರೆಗೆ ಕಂಡ ಕೊನೆಯ ಕಾಳಗಗಳಲ್ಲಿ ಯಾವುದು ಶ್ರೇಷ್ಠ ಎಂಬುದೇ ಆ ವಾದದ ವಿಷಯ. ಗುಮಾಸ್ತರು ಇಂಗ್ಲಿಷ್ ಧಾರಾವಾಹಿಯೊಂದರ ಪಕ್ಷ, ಸಪ್ಲೈಯರು ಬಿ. ಆರ್. ಚೋಪ್ರಾ ಅವರ 'ಮಹಾಭಾರತ'ದ ಗದಾಯುದ್ಧದ ಪಕ್ಷ. "ನೀವೇ ತೀರ್ಪು ಹೇಳಬೇಕು" ಎಂದು ಇಬ್ಬರೂ ನಮ್ಮನ್ನು ಹಿಡಿದುಕೊಂಡರು.

ಎಸ್.ಎಸ್.ಎಲ್.ಸಿ.ಗೆ ವಿದ್ಯೆ ಮುಗಿಸಿ, ಇಪ್ಪತ್ತು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಆಮೇಲೆ ಲೇಖನಿ ಹಿಡಿದ ನಾವು ಕಲಾವಿಮರ್ಶೆಗೆ ಅಧಿಕಾರಿಗಳಲ್ಲ. ಆದರೂ ಗದಾಯುದ್ಧವೆಂಬ ಹೆಸರು ಕಿವಿಗೆ ಬಿದ್ದಾಗ ನಮಗೆ ಸುಮ್ಮನಿರಲಾಗುವುದಿಲ್ಲ. ಅದಕ್ಕೆ ಕಾರಣವೊಂದುಂಟು, ಅದನ್ನು ಮುಂದೆ ಹೇಳುತ್ತೇವೆ. ಇಬ್ಬರಿಗೂ ಚಹಾ ಕೊಟ್ಟು, ಚಂದಾ ಪಡೆದು, ತೀರ್ಪನ್ನು ಪತ್ರಿಕೆಯಲ್ಲಿಯೇ ಕೊಡುವುದಾಗಿ ಮಾತು ಕೊಟ್ಟೆವು. ಆ ಮಾತನ್ನು ಇಂದು ಉಳಿಸಿಕೊಳ್ಳುತ್ತಿದ್ದೇವೆ.

ಮಾತಿಲ್ಲದ ಶತ್ರು

ಮೊದಲು ಗುಮಾಸ್ತರ ಪಕ್ಷವನ್ನು ನೋಡೋಣ. ಅವರು ಹೇಳಿದ್ದು 'ಗೇಮ್ ಆಫ್ ಥ್ರೋನ್ಸ್' ಎಂಬ ಧಾರಾವಾಹಿ. 2011ರಿಂದ 2019ರವರೆಗೆ 73 ಕಂತುಗಳಲ್ಲಿ ಪ್ರಸಾರವಾದ ಈ ಕಥೆಯಲ್ಲಿ ಕಲ್ಪಿತ ರಾಜ್ಯಗಳುಂಟು, ಬೆಂಕಿಯುಗುಳುತ್ತ ಆಕಾಶದಲ್ಲಿ ಹಾರುವ ಮಹೋರಗಗಳುಂಟು, ಸತ್ತವರೇ ಎದ್ದು ನಡೆದು ಬರುವ ಸೇನೆಯುಂಟು. 2019ರ ಏಪ್ರಿಲ್ 28ರಂದು ಅಮೆರಿಕದಲ್ಲಿ ಪ್ರಸಾರವಾದ 'ದಿ ಲಾಂಗ್ ನೈಟ್' ಎಂಬ ಕಂತು ಒಂದೇ ರಾತ್ರಿಯ ಯುದ್ಧದ ಕಥೆ. ಅದರ ಚಿತ್ರೀಕರಣಕ್ಕೆ ಉತ್ತರ ಐರ್ಲೆಂಡಿನ ಚಳಿಯಲ್ಲಿ 55 ರಾತ್ರಿಗಳು ಹಿಡಿದವಂತೆ. ಪರದೆ ಕತ್ತಲಾಗಿ ಏನೂ ಕಾಣಲಿಲ್ಲವೆಂದು ಜಗತ್ತಿನಾದ್ಯಂತ ಪ್ರೇಕ್ಷಕರು ಗೊಣಗಿದ್ದೂ ಉಂಟು.

ಆ ಕಂತನ್ನು ನಾವೂ ನೋಡಿದೆವು. ಕತ್ತಲೆಯಲ್ಲಿ ಸಾಲುಸಾಲಾಗಿ ಹೊರಟ ಕುದುರೆ ಸವಾರರ ಕೈಯ ಬೆಂಕಿಗಳು ದೂರದಲ್ಲಿ ಒಂದೊಂದಾಗಿ ನಂದಿಹೋಗುವ ದೃಶ್ಯವನ್ನು ಯಾರೂ ಮರೆಯುವಂತಿಲ್ಲ. ಕೊನೆಯಲ್ಲಿ ಒಬ್ಬ ಹುಡುಗಿ ಸಣ್ಣ ಬಾಕಿನಿಂದ ಮೃತಸೇನೆಯ ಒಡೆಯನನ್ನು ತಿವಿಯುತ್ತಾಳೆ. ಅವನೊಡನೆ ಅವನ ಸೇನೆಯೂ ಪುಡಿಪುಡಿಯಾಗುತ್ತದೆ. ಭಯ, ವೇಗ, ವೈಭವ, ಯಾವುದರಲ್ಲಿಯೂ ಕೊರತೆಯಿಲ್ಲ. ಆದರೆ ನೋಡಿ ಮುಗಿಸಿದ ಮೇಲೆ ನಮಗೆ ಒಂದು ಸಂಗತಿ ಹೊಳೆಯಿತು. ಆ ಶತ್ರು ಇಡೀ ಧಾರಾವಾಹಿಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಬರುತ್ತಾನೆ, ಕೊಲ್ಲುತ್ತಾನೆ, ಸಾಯುತ್ತಾನೆ. ಮಾತನಾಡದ ಶತ್ರುವನ್ನು ಕೊಂದವರು ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಸಿಡುಬಿನ ರೋಗವನ್ನು ಗೆದ್ದ ಹಾಗೆ ಆ ಗೆಲುವು. ಸಂತೋಷ ಮಾತ್ರ, ಸಂಕೋಚವಿಲ್ಲ.

ನಮ್ಮ ಗದಾಯುದ್ಧದಲ್ಲಿ ಹಾಗಲ್ಲ. ಅಲ್ಲಿ ಬಿದ್ದವನು ಮಾತನಾಡುತ್ತಾನೆ.

ಪುಣೆಯ ಪಾಲು

ಸಪ್ಲೈಯರು ಮೆಚ್ಚಿದ 'ಮಹಾಭಾರತ'ವು ದೂರದರ್ಶನದಲ್ಲಿ 1988ರ ಅಕ್ಟೋಬರ್ 2ರಂದು ಆರಂಭವಾಗಿ, 94 ಕಂತುಗಳ ತರುವಾಯ 1990ರ ಜೂನ್ 24ರಂದು ಮುಗಿಯಿತು. ಬಿ. ಆರ್. ಚೋಪ್ರಾ ಮತ್ತು ಅವರ ಮಗ ರವಿ ಚೋಪ್ರಾ ಅದನ್ನು ನಿರ್ದೇಶಿಸಿದರು. ಸಂಭಾಷಣೆ ಬರೆದವರು ಉರ್ದು-ಹಿಂದಿಗಳ ಪ್ರಸಿದ್ಧ ಲೇಖಕ ರಾಹಿ ಮಾಸೂಮ್ ರಝಾ. ಭೀಮನಾಗಿ ಗದೆ ಹಿಡಿದವರು ಪ್ರವೀಣ್ ಕುಮಾರ್; 1966 ಮತ್ತು 1970ರ ಏಷ್ಯಾ ಕ್ರೀಡಾಕೂಟಗಳಲ್ಲಿ ಚಕ್ರ ಎಸೆದು ಭಾರತಕ್ಕೆ ಬಂಗಾರದ ಪದಕ ತಂದ ವೀರರು. ದುರ್ಯೋಧನನಾದವರು ಪುನೀತ್ ಇಸ್ಸರ್.

ಆ ಧಾರಾವಾಹಿಯ ಆರಂಭದಲ್ಲಿ ಬರುವ ಋಣಸ್ಮರಣೆಯ ಅಕ್ಷರಗಳನ್ನು ನಮ್ಮವರು ಹೆಚ್ಚಾಗಿ ಗಮನಿಸಿಲ್ಲ. ಅದರಲ್ಲಿ ನಮ್ಮ ಪುಣೆಯ ಹೆಸರುಂಟು. ಲಾ ಕಾಲೇಜು ರಸ್ತೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯು ಸಿದ್ಧಪಡಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯೇ ಆ ಕಥೆಗೆ ಮುಖ್ಯ ಆಧಾರ. ದಿನವೂ ಆ ರಸ್ತೆಯಲ್ಲಿ ಬಸ್ಸು ಹಿಡಿಯುವ, ಸೈಕಲ್ ತುಳಿಯುವ ಕನ್ನಡಿಗರು ಎಷ್ಟೋ ಮಂದಿ. ಮರಗಳ ಹಿಂದಿನ ಆ ಕಲ್ಲುಕಟ್ಟಡದೊಳಗೆ ಏನು ನಡೆಯಿತೆಂಬುದನ್ನು ಅವರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇವೆ.

1917ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು 1919ರಲ್ಲಿ ಮಹಾಭಾರತದ ಕಾರ್ಯವನ್ನು ಕೈಗೊಂಡಿತು. ಶಾರದಾ, ಬಂಗಾಳಿ, ದೇವನಾಗರಿ, ತೆಲುಗು, ಗ್ರಂಥ, ಮಲಯಾಳ ಮುಂತಾದ ಲಿಪಿಗಳ 1,259 ಹಸ್ತಪ್ರತಿಗಳನ್ನು ಪರಿಶೀಲಿಸಿದರು. ಲೆಕ್ಕದ ಗುಮಾಸ್ತರು ವಹಿಗೆ ವಹಿಯನ್ನು ತಾಳೆ ನೋಡುವಂತೆ, ಶ್ಲೋಕಕ್ಕೆ ಶ್ಲೋಕವನ್ನು ತಾಳೆ ನೋಡಿ, ಯಾವುದು ಹಳೆಯದು, ಯಾವುದು ಆಮೇಲೆ ಸೇರಿಕೊಂಡದ್ದು ಎಂದು ವಿಂಗಡಿಸಿದರು. 1925ರಲ್ಲಿ ಪ್ರಧಾನ ಸಂಪಾದಕರಾದ ಡಾ. ವಿ. ಎಸ್. ಸುಕ್ಠಣಕರ ಅವರು ಕಾರ್ಯ ಮುಗಿಯುವುದನ್ನು ಕಾಣದೆ 1943ರಲ್ಲಿ ತೀರಿಕೊಂಡರು. ಅವರ ತರುವಾಯ ಡಾ. ಎಸ್. ಕೆ. ಬೇಲ್ವಲಕರ, ಆಮೇಲೆ ಡಾ. ಪಿ. ಎಲ್. ವೈದ್ಯ ಹೊಣೆ ಹೊತ್ತರು. ಗದಾಯುದ್ಧದ ಕಥೆಯಿರುವ ಶಲ್ಯಪರ್ವವನ್ನು ಸಂಪಾದಿಸಿದವರು ಡಾ. ಆರ್. ಎನ್. ದಾಂಡೇಕರ. 1966ರ ಸೆಪ್ಟೆಂಬರ್ 22ರಂದು ರಾಷ್ಟ್ರಪತಿ ಡಾ. ರಾಧಾಕೃಷ್ಣನ್ ಅವರು ಪುಣೆಗೆ ಬಂದು ಈ ಮಹಾಕಾರ್ಯದ ಪೂರ್ತಿಯನ್ನು ಘೋಷಿಸಿದರು. ನಲವತ್ತೇಳು ವರ್ಷಗಳ ದುಡಿಮೆ!

ಹೀಗೆ ಶೋಧಿಸಿದ ವ್ಯಾಸಭಾರತದಲ್ಲಿ ಕೊನೆಯ ಕಾಳಗ ಹೇಗೆ ನಡೆಯುತ್ತದೆ? ಹದಿನೆಂಟು ಅಕ್ಷೌಹಿಣಿ ಸೇನೆ ನೆಲಕ್ಕೊರಗಿದೆ. ದುರ್ಯೋಧನ ಸರೋವರದ ನೀರಿನೊಳಗೆ ಅಡಗಿದ್ದಾನೆ. ಧರ್ಮರಾಯನ ಮೂದಲೆ ತಾಳಲಾರದೆ ಎದ್ದು ಬರುತ್ತಾನೆ. ನಲವತ್ತೆರಡು ದಿನಗಳ ತೀರ್ಥಯಾತ್ರೆ ಮುಗಿಸಿದ ಬಲರಾಮ ಅದೇ ಹೊತ್ತಿಗೆ ಬಂದು ನಿಲ್ಲುತ್ತಾನೆ. ಇಬ್ಬರಿಗೂ ಗದೆಯ ವಿದ್ಯೆ ಹೇಳಿಕೊಟ್ಟ ಗುರು ಅವನು. ಶಕ್ತಿ ಭೀಮನದು, ಕೈಚಳಕ ದುರ್ಯೋಧನನದು. ಹದಿಮೂರು ವರ್ಷ ಭೀಮನ ಕಬ್ಬಿಣದ ಪ್ರತಿಮೆಯ ಮೇಲೆ ಅವನು ಅಭ್ಯಾಸ ಮಾಡಿದ್ದಾನೆ. ನ್ಯಾಯವಾಗಿ ಹೋರಾಡಿದರೆ ಭೀಮ ಗೆಲ್ಲಲಾರನೆಂದು ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ಅರ್ಜುನ ತನ್ನ ಎಡತೊಡೆಯನ್ನು ತಟ್ಟಿ ಸನ್ನೆ ಮಾಡುತ್ತಾನೆ. ಧಾರಾವಾಹಿಯಲ್ಲಿ ಆ ಸನ್ನೆಯನ್ನು ಮಾಡುವವನು ಕೃಷ್ಣನೇ. ಭೀಮ ಹೊಡೆಯುತ್ತಾನೆ. ದುರ್ಯೋಧನನ ತೊಡೆಗಳು ಮುರಿಯುತ್ತವೆ.

ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ದ್ರೌಪದಿಗೆ ತೊಡೆ ತೋರಿಸಿದ ದಿನವೇ ಅದನ್ನು ಮುರಿಯುವೆನೆಂದು ಭೀಮ ಶಪಥ ಮಾಡಿದ್ದನೆಂಬುದೂ ನಿಜ. ನಿಯಮ ಒಂದು ಕಡೆ, ಶಪಥ ಒಂದು ಕಡೆ. ಧಾರಾವಾಹಿಯವರು ಇದನ್ನು ಸುಲಭ ಮಾಡಲೆಂದೋ ಏನೋ, ಗಾಂಧಾರಿ ಕಣ್ಣಪಟ್ಟಿ ಬಿಚ್ಚಿ ಮಗನ ಮೈಯನ್ನು ವಜ್ರವಾಗಿಸಿದಳು, ತೊಡೆಯೊಂದು ಉಳಿದುಹೋಯಿತು ಎಂಬ ಜನಪ್ರಿಯ ಕಥೆಯನ್ನು ಸೇರಿಸಿದರು. ಪುಣೆಯ ಪರಿಷ್ಕೃತ ಪಾಠದಲ್ಲಿ ಆ ಕಥೆಯಿಲ್ಲ. ಅಲ್ಲಿ ಪೆಟ್ಟಿಗೆ ನೆಪವಿಲ್ಲ.

ಅನಂತರ ಏನಾಗುತ್ತದೆಂಬುದೇ ಮುಖ್ಯ. ಭೀಮ ಬಿದ್ದವನ ತಲೆಯನ್ನು ಕಾಲಿನಿಂದ ಒದೆಯುತ್ತಾನೆ; ಧರ್ಮರಾಯ ತಡೆದು ಕಣ್ಣೀರು ಹಾಕುತ್ತಾನೆ. ಬಲರಾಮ ನೇಗಿಲೆತ್ತಿ ನುಗ್ಗುತ್ತಾನೆ; ಕೃಷ್ಣ ಅವನನ್ನು ಅಪ್ಪಿ ಹಿಡಿಯುತ್ತಾನೆ. ಭೀಮನನ್ನು ಲೋಕವು ಕಪಟ ಯೋಧನೆಂದು ಕರೆಯುವುದೆಂದು ನುಡಿದು ಬಲರಾಮ ದ್ವಾರಕೆಗೆ ಹೊರಟುಹೋಗುತ್ತಾನೆ. ಆಮೇಲೆ ಬಿದ್ದವನು ಅರ್ಧ ಮೇಲೆದ್ದು, ಭೀಷ್ಮನನ್ನು ಹೇಗೆ ಕೆಡವಿದಿರಿ, ದ್ರೋಣನನ್ನು ಹೇಗೆ ಕೊಂದಿರಿ, ಭೂರಿಶ್ರವನ ಕೈಯನ್ನು ಹೇಗೆ ಕಡಿಸಿದಿರಿ, ರಥದ ಗಾಲಿ ಹೂತುಹೋದ ಕರ್ಣನನ್ನು ಹೇಗೆ ಹೊಡೆಸಿದಿರಿ ಎಂದು ಕೃಷ್ಣನಿಗೆ ಒಂದೊಂದಾಗಿ ಲೆಕ್ಕ ಒಪ್ಪಿಸುತ್ತಾನೆ. ಅವನ ಪಾಪಗಳನ್ನು ಕೃಷ್ಣನೂ ಎಣಿಸಿ ಹೇಳುತ್ತಾನೆ. ಆದರೂ ಅವನು ಮಾತು ಮುಗಿಸಿದಾಗ ಆಕಾಶದಿಂದ ಹೂಮಳೆ ಸುರಿಯುವುದು ಅವನ ಮೇಲೆ. ಪಾಂಡವರು ನಾಚಿ ತಲೆ ತಗ್ಗಿಸುತ್ತಾರೆ. ಗೆದ್ದ ಪಕ್ಷದ ಗ್ರಂಥವೊಂದು ಸೋತವನಿಗೆ ಇಷ್ಟು ಹೊತ್ತು ಮಾತನಾಡಲು ಅವಕಾಶ ಕೊಟ್ಟದ್ದನ್ನು ನಾವು ಬೇರೆಲ್ಲಿಯೂ ಕಾಣೆವು.

ಪಟೇಲರ ಮನೆಯ ಪಡಸಾಲೆ

ಈ ಕಂತನ್ನು ನಾವು ಮೊದಲು ನೋಡಿದ್ದು 1990ರಲ್ಲಿ, ಕುಂದಾಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ. ಆಗ ನಮಗೆ ಹತ್ತು ವರ್ಷ. ಊರಿಗೆಲ್ಲ ಒಂದೇ ಟಿ.ವಿ.; ಅದು ಪಟೇಲರ ಮನೆಯಲ್ಲಿ. ಆದಿತ್ಯವಾರ ಬೆಳಿಗ್ಗೆ ಪಡಸಾಲೆಯಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕದವರು ಅಂಗಳದಲ್ಲಿ ನಿಂತು ಕಿಟಕಿಯಿಂದ ನೋಡುತ್ತಿದ್ದರು. ಚಿತ್ರ ಅಲುಗಿದರೆ ಒಬ್ಬ ಹುಡುಗ ಮಾಡು ಹತ್ತಿ ಆ್ಯಂಟೆನಾ ತಿರುಗಿಸಬೇಕು. ಆ ಸರದಿ ಬಂದ ದಿನ ಅರ್ಧ ಕಥೆ ಕಿವಿಗೆ ಮಾತ್ರ. ಹಿಂದಿ ಭಾಷೆ ಹತ್ತರಲ್ಲಿ ಒಂಬತ್ತು ಮಂದಿಗೆ ತಿಳಿಯದು. ಆದರೆ ಕಥೆ ಯಾರಿಗೆ ತಿಳಿಯದು?

ಗದಾಯುದ್ಧದ ದಿನ ನಮ್ಮ ಅಜ್ಜನೂ ಬಂದಿದ್ದರು. ಭೀಮನ ಪೆಟ್ಟು ಬಿದ್ದಾಗ ನಾವು ಹುಡುಗರು ಚಪ್ಪಾಳೆ ತಟ್ಟಿದೆವು. ಅಜ್ಜ ನಮ್ಮ ಕೈ ಹಿಡಿದು, "ಸುಮ್ನೆ ಕೂಕೋ. ಕೌರವ ಇನ್ನೂ ಮಾತಾಡ್ಲಿಲ್ಲ" ಎಂದರು.

ಅಜ್ಜನ ಮಾತಿನ ಅರ್ಥ ಯಕ್ಷಗಾನ ನೋಡಿದವರಿಗೆ ತಿಳಿಯುವುದು. ನಮ್ಮ ಆಟದಲ್ಲಿ ಗದಾಪರ್ವವೆಂದರೆ ಪೆಟ್ಟಿನ ಪ್ರಸಂಗವಲ್ಲ, ಕೌರವನ ಪ್ರಸಂಗ. ಸೇನೆಯೆಲ್ಲ ಅಳಿದ ಮೇಲೆ ಒಬ್ಬನೇ ರಂಗಸ್ಥಳಕ್ಕೆ ಬರುವ ಅರಸ, ಸುತ್ತ ನೋಡಿ ಕರೆಯುವ ಹೆಸರುಗಳು, ಓಗೊಡುವವರಿಲ್ಲದ ಮೌನ, ಆಮೇಲೆ ನೀರಿಗಿಳಿಯುವುದು; ಇದಕ್ಕೇ ಅರ್ಧ ರಾತ್ರಿ ಬೇಕು. 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರ ಕೌರವನನ್ನು ನೋಡಿದ ಹಿರಿಯರು ಅದರ ವರ್ಣನೆಯನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳುತ್ತ ಬಂದಿದ್ದಾರೆ. ಬೆಳಗಿನ ಜಾವದಲ್ಲಿ ಭೀಮನ ಗದೆ ಬೀಳುವ ಹೊತ್ತಿಗೆ ಪ್ರೇಕ್ಷಕರು ಚಪ್ಪಾಳೆಗಾಗಿ ಕುಳಿತಿರುವುದಿಲ್ಲ.

ಕನ್ನಡ ಕವಿಗಳು ನಿಂತ ಜಾಗ

ಇದು ಕರಾವಳಿಯ ಆಟದವರು ಮಾತ್ರ ಕಂಡ ದಾರಿಯಲ್ಲ. ಕನ್ನಡದ ಹಿರಿಯ ಕವಿಗಳೇ ಹಾಕಿಕೊಟ್ಟ ದಾರಿ. 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ಬರೆದ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿದನು. ಆದರೂ ಭಾರತದ ವೀರರನ್ನು ಒಬ್ಬೊಬ್ಬರನ್ನಾಗಿ ನೆನೆಯುವಾಗ, ಛಲಕ್ಕೆ ದುರ್ಯೋಧನನನ್ನೇ ಮುಂದಿಟ್ಟನು.

ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಇನ್ನೂ ಮುಂದೆ ಹೋದನು. 'ಸಾಹಸಭೀಮ ವಿಜಯ'ವೆಂದು ಅವನಿಟ್ಟ ಹೆಸರು. ಜನ ಕರೆಯುವುದು 'ಗದಾಯುದ್ಧ'ವೆಂದೇ. ಕಥೆಯ ಕೊನೆಯ ದಿನದಲ್ಲಿ ನಿಂತು, ಸಿಂಹವು ತಿರುಗಿ ನೋಡುವಂತೆ, ಹಿಂದಿನ ಭಾರತವನ್ನೆಲ್ಲ ನೋಡಿದ ಕಾವ್ಯವದು. ಅವನ ಒಡೆಯ ಚಾಲುಕ್ಯ ಸತ್ಯಾಶ್ರಯನೇ ಅಲ್ಲಿ ಭೀಮ. ಆದರೆ ಓದುವವನ ಮನಸ್ಸು ಹೋಗುವುದು ಸಂಜಯನೊಡನೆ ರಣಭೂಮಿಯಲ್ಲಿ ಎಡವುತ್ತ ನಡೆಯುವ ದುರ್ಯೋಧನನ ಹಿಂದೆ. ಗುರು ದ್ರೋಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ತನ್ನ ಮಗ ಲಕ್ಷ್ಮಣ, ಎಲ್ಲರ ಹೆಣಗಳನ್ನೂ ಅವನು ಕಾಣುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಅವನ ಶೌರ್ಯವನ್ನು ಹೊಗಳುತ್ತಾನೆ. ಯೋಚಿಸಿ ನೋಡಿ: ಅನ್ನ ಕೊಟ್ಟ ಧಣಿಯನ್ನು ಗೆದ್ದವನ ಸ್ಥಾನದಲ್ಲಿ ಕೂರಿಸಿ ಬರೆದ ಕವಿ, ಸೋತವನ ಮಾತನ್ನು ನುಂಗಿಹಾಕಲಿಲ್ಲ. ಸಂಬಳ ತಿನ್ನುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ.

ಕುಮಾರವ್ಯಾಸನೂ ತನ್ನ ಭಾರತವನ್ನು ಗದಾಪರ್ವಕ್ಕೆ ನಿಲ್ಲಿಸಿದನು. ಮುಂದಿನ ಪರ್ವಗಳನ್ನು ಹಾಡಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ರನ್ನನ ಕಾವ್ಯವನ್ನು ಬಿ. ಎಂ. ಶ್ರೀಕಂಠಯ್ಯನವರು ನಾಟಕವಾಗಿಸಿದರು. 2019ರ ಆಗಸ್ಟಿನಲ್ಲಿ ತೆರೆಕಂಡ 'ಕುರುಕ್ಷೇತ್ರ' ಎಂಬ ಕನ್ನಡ ಚಲನಚಿತ್ರದಲ್ಲಿಯೂ ನಾಯಕನಟ ದರ್ಶನ್ ಅವರು ವಹಿಸಿದ್ದು ಭೀಮನ ಪಾತ್ರವನ್ನಲ್ಲ, ದುರ್ಯೋಧನನ ಪಾತ್ರವನ್ನು. ಸಾವಿರ ವರ್ಷಗಳಿಂದ ಕನ್ನಡಿಗನು ಈ ಕಾಳಗವನ್ನು ನೋಡುವಾಗ ಬಿದ್ದವನ ಹತ್ತಿರ ಹೋಗಿ ನಿಲ್ಲುತ್ತಾನೆ. ದುರ್ಯೋಧನ ಒಳ್ಳೆಯವನೆಂದು ಯಾರೂ ಹೇಳಿದವರಲ್ಲ. ಕೆಟ್ಟವನಿಗೂ ಒಂದು ಮಾತು ಉಳಿದಿರುತ್ತದೆ, ಅದನ್ನು ಕೇಳಿಯೇ ಏಳಬೇಕು ಎಂಬುದಷ್ಟೇ ಅದರ ತಾತ್ಪರ್ಯ.

ಮುಚ್ಚಿದ ಹೋಟೆಲಿನಲ್ಲಿ

ಇನ್ನು ನಮ್ಮ ಸ್ವಂತ ಕಥೆ. ಹೇಳಲು ಸಂಕೋಚವಿದೆ, ಆದರೂ ಹೇಳದೆ ಈ ಲೇಖನ ಪೂರ್ತಿಯಾಗದು.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಆಗ ಪುಣೆಯ ಹಳೆಯ ಪೇಠೆಯೊಂದರಲ್ಲಿ ನಮ್ಮದೊಂದು ಚಿಕ್ಕ ಹೋಟೆಲಿತ್ತು. ಊರಿಗೆ ಹೋಗಲಾಗದ ಒಂಬತ್ತು ಮಂದಿ ಕೆಲಸಗಾರರು ಅಟ್ಟದ ಮೇಲೆ ಉಳಿದರು. ಭಟ್ಟಿ ಆರಿತ್ತು, ಕುರ್ಚಿಗಳು ಮೇಜುಗಳ ಮೇಲೆ ಕಾಲು ಮೇಲಾಗಿ ಕುಳಿತಿದ್ದವು. ಮಾರ್ಚ್ 28ರಿಂದ ಡಿ.ಡಿ. ಭಾರತಿಯವರು ಚೋಪ್ರಾ ಅವರ 'ಮಹಾಭಾರತ'ವನ್ನು ಮತ್ತೆ ತೋರಿಸತೊಡಗಿದರು. ಸಂಜೆ ಏಳು ಗಂಟೆಯಾಯಿತೆಂದರೆ ಒಂಬತ್ತು ಮಂದಿಯೂ ಕುರ್ಚಿಗಳನ್ನು ಇಳಿಸಿಕೊಂಡು ಹಾಲಿನ ಟಿ.ವಿ. ಮುಂದೆ ಕೂರುತ್ತಿದ್ದರು. ನಾವೂ ಕೂರುತ್ತಿದ್ದೆವು. ಅದೇ ವರ್ಷ 2013ರ ಇನ್ನೊಂದು ಹಿಂದಿ 'ಮಹಾಭಾರತ'ವೂ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂದಿತು. ಅದರ ಬಾಣಗಳ ಬೆಳಕು ಹುಡುಗರಿಗೆ ಹೆಚ್ಚು ಪ್ರಿಯವಾಯಿತು. ಆದರೆ ನಾವು ಹೇಳುತ್ತಿರುವುದು ಹಳೆಯದರ ಮಾತು.

ಲಾಕ್‌ಡೌನಿನ ದಿನಗಳಿಗೂ ಪೂರ್ತಿ ವೇತನ ಕೊಡಬೇಕೆಂದು ಕೇಂದ್ರ ಗೃಹ ಸಚಿವಾಲಯವು ಮಾರ್ಚ್ 29ರಂದು ಆಜ್ಞೆ ಹೊರಡಿಸಿತ್ತು. ವ್ಯಾಪಾರ ಒಂದು ರೂಪಾಯಿಯಿಲ್ಲ; ಬಾಡಿಗೆ ನಿಂತಿಲ್ಲ; ಬ್ಯಾಂಕಿನ ಕಂತು ತಲೆಯ ಮೇಲೆ. ಆ ಆಜ್ಞೆ ಬಹಳ ದಿನ ಬಾಳದೆಂದು ನಾವು ಮಾಲೀಕರು ಫೋನಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಒಂದು ರಾತ್ರಿ ನಾವು ಸಂಬಳದ ವಹಿಯನ್ನು ತೆಗೆದು ಒಂದು ಹೊಸ ಪುಟ ಬರೆದೆವು. ಪ್ರತಿಯೊಬ್ಬನ ಹೆಸರಿನ ಮುಂದೆ ಹಿಂದಿನ ಮುಂಗಡ ಇಷ್ಟು, ಲಾಕ್‌ಡೌನಿನ ಊಟದ ಬಾಬತು ಇಷ್ಟು, ವಾಸದ ಬಾಬತು ಇಷ್ಟು ಎಂದು ಕಳೆದುಬಿಟ್ಟೆವು. ಕಳೆದಾಗ ಎಲ್ಲರಿಗೂ ಸಲ್ಲತಕ್ಕದ್ದು ಸೊನ್ನೆ. ಇಬ್ಬರು ನಮಗೇ ಸಾಲಗಾರರಾದರು. ಊಟಕ್ಕೂ ವಾಸಕ್ಕೂ ಹಣ ಹಿಡಿಯುವುದಿಲ್ಲವೆಂದು ಮಾತು ಕೊಟ್ಟೇ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದೆವು. ಈ ಪುಟದ ವಿಷಯ ನಮಗೆ ಮತ್ತು ಲೆಕ್ಕ ಬರೆಯುವ ರೈಟರಿಗೆ ಮಾತ್ರ ಗೊತ್ತು. ರೈಟರು ನೋಡಿದರು, ಏನೂ ಅನ್ನಲಿಲ್ಲ.

ಆ ಬೇಸಿಗೆಯ ಒಂದು ಸಂಜೆ ಗದಾಯುದ್ಧ ಬಂದಿತು. ಕೃಷ್ಣ ತೊಡೆ ತಟ್ಟಿದ. ಭೀಮನ ಗದೆ ಬಿದ್ದಿತು. ಕ್ಲೀನರ್ ಕೆಲಸದ ಹುಡುಗನೊಬ್ಬ ಎದ್ದು ಕುಣಿದ. ಅವನು ಮುಧೋಳ ತಾಲೂಕಿನವನು. ರನ್ನನೆಂಬ ಹೆಸರನ್ನು ಅಲ್ಲಿಯ ಸಕ್ಕರೆ ಕಾರ್ಖಾನೆಯ ಹೆಸರಾಗಿ ಮಾತ್ರ ಕೇಳಿದ್ದವನು. "ಭಟ್ಟರ, ನೋಡ್ರಿ! ಹೆಂಗ ಕೆಡವಿದಾ!" ಎಂದು ಕೂಗಿದ.

ನಮ್ಮ ಅಡುಗೆ ಭಟ್ಟರು ಅರವತ್ತು ದಾಟಿದವರು. ಕಾಲು ನೀವಿಕೊಳ್ಳುತ್ತ, ಟಿ.ವಿ. ಕಡೆಯೇ ನೋಡುತ್ತ ಹೇಳಿದರು: "ಕೆಡವಿದ್ದು ಹೌದು ಮಾರಾಯ. ಸೊಂಟದ ಕೆಳಗೆ ಹೊಡೆದ್ರೆ ಯಾರು ಬೀಳುದಿಲ್ಲ? ಬಲರಾಮ ಕೇಳಿದ್ರೆ ಎಂತ ಹೇಳುದು, ಅದನ್ನ ಮೊದ್ಲು ಯೋಚ್ನೆ ಮಾಡ್ಕಣ್ಕ್."

ಭಟ್ಟರಿಗೆ ಆ ಪುಟದ ವಿಷಯ ತಿಳಿದಿರಲಿಲ್ಲ. ಇದನ್ನು ಆಮೇಲೆ ರೈಟರಲ್ಲಿ ಎರಡು ಸಲ ಕೇಳಿ ಖಚಿತ ಮಾಡಿಕೊಂಡೆವು. ಅವರು ಆಡಿದ್ದು ಭೀಮನ ಮಾತೇ. ಆದರೆ ಪರದೆಯ ಮೇಲೆ ಬಿದ್ದವನು ಮಾತಾಡತೊಡಗಿದಾಗ ನಮಗೆ ಅಲ್ಲಿ ಕುಳಿತಿರಲಾಗಲಿಲ್ಲ. ಒಂಬತ್ತು ಮಂದಿಯೂ ನಮ್ಮ ಮುಂದೆ ಕುಳಿತಿದ್ದರು. ಅವರಲ್ಲಿ ಯಾರೂ ನಮಗೆ ಶತ್ರುವಲ್ಲ, ಯಾರೂ ನಮಗೆ ಕೇಡು ಬಗೆದವರಲ್ಲ. ದುರ್ಯೋಧನನಿಗೆ ಸಿಕ್ಕಿದ ಮಾತಿನ ಅವಕಾಶವನ್ನು ಕೂಡ ನಾವು ಅವರಿಗೆ ಕೊಟ್ಟಿರಲಿಲ್ಲ. ವಹಿಯೊಳಗೆ, ಅವರು ನೋಡದಿರುವಾಗ ಹೊಡೆದಿದ್ದೆವು.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ವಹಿಯನ್ನು ಅವರ ಮುಂದೆಯೇ ಬಿಚ್ಚಿದೆವು. ಬರೆದಿದ್ದ ಪುಟವನ್ನು ಓದಿ ಹೇಳಿ, ಹರಿದೆವು. ಬ್ಯಾಂಕಿನ ಪುಸ್ತಕವನ್ನೂ ತೋರಿಸಿ, ಇರುವುದು ಇಷ್ಟೇ, ನೀವೇ ಹೇಳಿ ಎಂದೆವು. ಮಾತು ಸುಲಭವಾಗಿ ಮುಗಿಯಲಿಲ್ಲ. ಕುಣಿದಿದ್ದ ಹುಡುಗನೇ ನಮ್ಮನ್ನು ಹೆ‌ಚ್ಚು ಬೈದ. ಅವನ ತಂಗಿಯ ಮದುವೆಯ ಹಣ ಅದರಲ್ಲಿತ್ತು. ಬೈದದ್ದನ್ನು ಕೇಳಿಕೊಂಡೆವು. ಕೊನೆಗೆ ತಿಂಗಳಿಗೆ ಅರ್ಧ ಸಂಬಳ ಆಗಲೇ ಕೊಡುವುದು, ಉಳಿದ ಅರ್ಧ ಬಾಕಿ ಎಂದು ವಹಿಯಲ್ಲಿ ಬರೆದು ಸಹಿ ಹಾಕಿಕೊಡುವುದು, ಊಟ-ವಾಸಕ್ಕೆ ಕಾಸು ಹಿಡಿಯದಿರುವುದು ಎಂದು ಒಪ್ಪಂದವಾಯಿತು.

ಸ್ವಲ್ಪ ದಿನಗಳಲ್ಲಿ, ಮೇ 18ರಿಂದ, ಸರಕಾರದ ಆ ಆಜ್ಞೆ ರದ್ದಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟು ಮಾಲೀಕರೂ ಕೆಲಸಗಾರರೂ ಕುಳಿತು ಮಾತಾಡಿಕೊಳ್ಳಲೆಂದಿತು. ಅದೇ ಮೇ 18ರಂದು ಕರ್ನಾಟಕವು ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದಿತು. ಊರು ಕರೆಯದು, ಹೋಟೆಲು ತೆರೆಯದು. ಆ ಅಟ್ಟದ ಮೇಲಿನವರು ಎಲ್ಲಿಗೆ ಹೋಗಬೇಕಿತ್ತು? ಕಾನೂನು ನಮ್ಮ ಕೈ ಬಿಟ್ಟ ಆ ದಿನ ಪುಟವನ್ನು ಹರಿದಿರದಿದ್ದರೆ ನಾವು ಏನು ಮಾಡುತ್ತಿದ್ದೆವೆಂದು ಇಂದಿಗೂ ನಮ್ಮನ್ನು ನಾವು ಕೇಳಿಕೊಳ್ಳುತ್ತೇವೆ. ಉತ್ತರ ನಮಗೆ ಹಿತವಾಗುವುದಿಲ್ಲ.

ಹೋಟೆಲು ಉಳಿಯಲಿಲ್ಲ. 2021ರಲ್ಲಿ ಅದನ್ನು ಬೇರೆಯವರಿಗೆ ವಹಿಸಿಕೊಟ್ಟು, ಗ್ರೈಂಡರು, ಫ್ರಿಜ್ಜು, ಪಾತ್ರೆ ಮಾರಿದ ಹಣದಲ್ಲಿ ಬಾಕಿ ತೀರಿಸಿದೆವು. ಎಂಟು ಮಂದಿಗೆ ಪೂರ್ತಿ ಸಂದಿತು. ಒಬ್ಬನ ವಿಳಾಸ ಸಿಗದೆ ಅವನ ಪಾಲು ಇನ್ನೂ ನಮ್ಮಲ್ಲಿಯೇ ಉಳಿದಿದೆ. ಅವನು ಇದನ್ನು ಓದಿದರೆ ಕಚೇರಿಗೆ ಬರಬೇಕೆಂದು ಈ ಮೂಲಕ ಕೇಳಿಕೊಳ್ಳುತ್ತೇವೆ. ಮುಧೋಳದ ಹುಡುಗ ಈಗ ಅಡುಗೆ ಕಲಿತು ತನ್ನೂರಿನಲ್ಲಿಯೇ ಖಾನಾವಳಿ ನಡೆಸುತ್ತಿದ್ದಾನೆ. ಭಟ್ಟರು ಈಗಿಲ್ಲ.

ತೀರ್ಪು

ನಮ್ಮ ಇಬ್ಬರು ತರುಣ ಮಿತ್ರರಿಗೆ ಕೊಟ್ಟ ಮಾತಿನಂತೆ ತೀರ್ಪು ಹೇಳಬೇಕು. ಹಣದಿಂದ, ಯಂತ್ರದಿಂದ, ಚಳಿಯಲ್ಲಿ ದುಡಿದವರ ಶ್ರಮದಿಂದ ಅಳೆದರೆ ಗುಮಾಸ್ತರ ಪಕ್ಷ ಮೇಲು. ಚೋಪ್ರಾ ಅವರ ಗದೆಗಳು ಟೊಳ್ಳೆಂದು ನೋಡಿದವರಿಗೆಲ್ಲ ಗೊತ್ತು. ಆದರೆ ಕೊನೆಯ ಕಾಳಗವೆಂದರೆ ಕೊನೆಯ ಪೆಟ್ಟಲ್ಲ. ಪೆಟ್ಟು ಬಿದ್ದ ಮೇಲಿನ ಮಾತು ಎಂದು ಒಪ್ಪುವುದಾದರೆ ಸಪ್ಲೈಯರ ಪಕ್ಷವನ್ನೇ ನಾವು ಎತ್ತಿ ಹಿಡಿಯುತ್ತೇವೆ.

ವಾಚಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಮ್ಮ ಹೋಟೆಲುಗಳ ಟಿ.ವಿ.ಯಲ್ಲಿ, ನಿಮ್ಮ ಕೋಣೆಯ ಮೊಬೈಲಿನಲ್ಲಿ, ಯಾವ ಭಾಷೆಯ ಗದಾಯುದ್ಧವೇ ಬರಲಿ, ತೊಡೆ ಮುರಿದ ಕೂಡಲೆ ಗುಂಡಿ ಒತ್ತಿ ಏಳಬೇಡಿ. ಮಾಲೀಕರಾದರೂ ಕೆಲಸಗಾರರಾದರೂ ಇನ್ನೈದು ನಿಮಿಷ ಕುಳಿತಿರಿ. ಕೌರವ ಇನ್ನೂ ಮಾತಾಡಿರುವುದಿಲ್ಲ.